ಅಂತರ್ಜಾಲದಲ್ಲಿ ನಿಮ್ಮ ಜಾಡು: ಮೊಬೈಲ್ ನಂಬರಿನಿಂದ ಶುರು ಮಾಡಿ

ಸಿಂಧನೂರು ತಾಲ್ಲೂಕಿನ ಒಬ್ಬ ರೈತರನ್ನು ಊಹಿಸಿಕೊಳ್ಳಿ. ಫೇಸ್‌ಬುಕ್ ಇಲ್ಲ, ಇನ್‌ಸ್ಟಾಗ್ರಾಂ ಗೊತ್ತಿಲ್ಲ, ವಾಟ್ಸಾಪ್ ಒಂದಿದೆ ಅಷ್ಟೇ. ಆದರೂ ಅವರ ಹೊಲದ ಸರ್ವೆ ನಂಬರ್ ತಿಳಿದವರು ಯಾರೇ ಆಗಲಿ, ಭೂಮಿ ಜಾಲತಾಣದಲ್ಲಿ ಪಹಣಿ ತೆಗೆದರೆ 9ನೇ ಕಾಲಂನಲ್ಲಿ ಹೆಸರು, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ ಕಾಣುತ್ತದೆ. ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿ ಊರುವಾರು ತೆರೆದೇ ಇದೆ. ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಪಟ್ಟಿ, ಮತದಾರರ ಪಟ್ಟಿ ಎರಡರಲ್ಲೂ ಮನೆಮಂದಿಯ ಹೆಸರಿದೆ. ಟ್ರೂಕಾಲರ್‌ನಲ್ಲಿ ಅವರ ನಂಬರ್ ಹಾಕಿದರೆ ‘ಟ್ರ್ಯಾಕ್ಟರ್ ವೀರೇಶ’ ಎಂದು ಬರುತ್ತದೆ. ಇದರಲ್ಲಿ ಒಂದನ್ನೂ ಅವರು ತಾವಾಗಿ ಹಾಕಿದ್ದಲ್ಲ.

‘ಪೋಸ್ಟ್ ಹಾಕುವ ಮುಂಚೆ ಯೋಚಿಸಿ’ ಎಂಬ ಬುದ್ಧಿಮಾತು ಎಲ್ಲ ಕಡೆ ಸಿಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಹೆಚ್ಚಿನವರಿಗೆ ಅದು ಅರ್ಧ ಮಾತು. ಇಲ್ಲಿನ ಜಾಡಿನಲ್ಲಿ ದೊಡ್ಡ ಪಾಲು ಬೇರೆಯವರ ಕೈಯಿಂದ ಬಿದ್ದದ್ದು: ಆನ್‌ಲೈನ್ ಅಂಗಡಿಯವರು ತುಂಬಿದ ಅರ್ಜಿ, ಸಂಘದ ಸಾಲಕ್ಕೆ ಕೊಟ್ಟ ಆಧಾರ್ ಜೆರಾಕ್ಸ್, ಗುಳೆ ಹೋದಾಗ ತಗೊಂಡು ಆಮೇಲೆ ಬಿಟ್ಟ ಸಿಮ್. ಇವನ್ನೆಲ್ಲ ಒಂದೇ ದಾರದಲ್ಲಿ ಹೊಲಿಯುವುದು ನಿಮ್ಮ ಮೊಬೈಲ್ ನಂಬರ್. ಅದಕ್ಕೇ ಕೆಲಸ ಅಲ್ಲಿಂದ ಶುರುವಾಗಬೇಕು. ಅದಕ್ಕೂ ಮೊದಲು ಏನೇನು ಬಿದ್ದಿದೆ ಎಂದು ನೋಡಿಕೊಳ್ಳಬೇಕು.

ಒಂದು ತಾಸು ಹುಡುಕಾಟ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ನಿಮ್ಮ ಅಕೌಂಟ್ ಲಾಗಿನ್ ಇದ್ದಾಗ ಬರುವ ಫಲಿತಾಂಶಕ್ಕೂ ಬೇರೆಯವರಿಗೆ ಕಾಣುವುದಕ್ಕೂ ವ್ಯತ್ಯಾಸ ಇರುತ್ತದೆ. ಮೊದಲು ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಊರಿನ ಹೆಸರು ಸೇರಿಸಿ ಹುಡುಕಿ.

ಇಲ್ಲಿ ನಮ್ಮ ಭಾಗದವರಿಗೆ ಒಂದು ತೊಡಕಿದೆ. 2014ರ ನವೆಂಬರ್ 1ರಂದು ಬಳ್ಳಾರಿ, ಹೊಸಪೇಟೆ, ಕಲಬುರಗಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾಯಿತು. ಅದಕ್ಕೂ ಹಿಂದಿನ ದಾಖಲೆಗಳು ‘ಬೆಲ್ಲಾರಿ’, ‘ಹಾಸ್ಪೆಟ್’, ‘ಗುಲ್ಬರ್ಗಾ’ ಎಂಬ ಹಳೆಯ ಕಾಗುಣಿತದಲ್ಲೇ ಇವೆ. ಎರಡೂ ರೀತಿಯಲ್ಲಿ ಹುಡುಕಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಡಗಲಿ ಕಡೆಯವರ ವಿಳಾಸ ಎರಡು ಜಿಲ್ಲೆಗಳ ಹೆಸರಲ್ಲಿ ಹಂಚಿಹೋಗಿದೆ. ಹೆಸರೂ ಹಾಗೆಯೇ. ವೀರೇಶ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ‘ಇ’ ಹಾಕಿಯೂ ಬರೆಯುತ್ತಾರೆ, ಒಂದು ‘ಐ’ ಹಾಕಿಯೂ ಬರೆಯುತ್ತಾರೆ. ಬಸವರಾಜನ ನಡುವಿನ ‘ವ’ ಒಮ್ಮೆ ‘ವಿ’, ಒಮ್ಮೆ ‘ಡಬ್ಲ್ಯು’. ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆ ಒಮ್ಮೆ, ಆಧಾರ್‌ನಲ್ಲಿ ಇರುವಂತೆ ಒಮ್ಮೆ ಹುಡುಕಿ.

ಕನ್ನಡದಲ್ಲಿ ಹುಡುಕಿ ಏನೂ ಸಿಗದಿದ್ದರೆ ನಿಶ್ಚಿಂತೆ ಬೇಡ. ಸರ್ಕಾರಿ ಕಚೇರಿಗಳ ಹಳೆಯ ಪಿಡಿಎಫ್‌ಗಳು ಬಹಳಷ್ಟು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿವೆ, ಯೂನಿಕೋಡ್‌ನಲ್ಲಿ ಇಲ್ಲ. ಕಣ್ಣಿಗೆ ಕನ್ನಡ ಕಂಡರೂ ಗೂಗಲ್‌ಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿ ಏರಿಸಿದ ಆಯ್ಕೆ ಪಟ್ಟಿಗಳದ್ದೂ ಬಹುಪಾಲು ಇದೇ ಪಾಡು. ನೀವು ಅರ್ಜಿ ಹಾಕಿದ ಇಲಾಖೆಯ ಜಾಲತಾಣಕ್ಕೇ ಹೋಗಿ, ಆ ವರ್ಷದ ಪಟ್ಟಿ ತೆರೆದು ಕಣ್ಣಿನಿಂದಲೇ ನೋಡಬೇಕು. ನೇಮಕಾತಿ ಪಟ್ಟಿಗಳಲ್ಲಿ ಹುಟ್ಟಿದ ದಿನಾಂಕ, ಜಾತಿ ವರ್ಗ, ಕಲ್ಯಾಣ ಕರ್ನಾಟಕದವರ 371ಜೆ ಮೀಸಲಾತಿ ಎಲ್ಲವೂ ಒಂದೇ ಸಾಲಿನಲ್ಲಿ ಇರುವುದುಂಟು.

ಆಮೇಲೆ ನಂಬರ್. ಹತ್ತೂ ಅಂಕಿ ಒಟ್ಟಿಗೆ, ಐದು ಅಂಕಿ ಬಿಟ್ಟು ಐದು ಅಂಕಿ, ಮುಂದೆ 91 ಸೇರಿಸಿ, ಹೀಗೆ ಮೂರು ಸಲ ಹುಡುಕಿ. ಹಳೆಯ ಓಎಲ್‌ಎಕ್ಸ್ ಜಾಹೀರಾತು, ಬಾಡಿಗೆ ಮನೆ ಪ್ರಕಟಣೆ, ಯಾವುದೋ ಸಮಾರಂಭದ ಕರಪತ್ರ ಹೀಗೇ ಹೊರಬರುತ್ತವೆ. ವಾಟ್ಸಾಪ್ ಪ್ರೊಫೈಲ್ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು, ಅದೇ ಫೋಟೋ ಬೇರೆಲ್ಲಿ ಇದೆ ನೋಡಿ. ಇಮೇಲ್ ವಿಳಾಸವನ್ನು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಜಾಲತಾಣದಲ್ಲಿ ಹಾಕಿ. ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಈ ತಾಣ, ಯಾವ ಕಂಪನಿಯ ಸೋರಿಕೆಯಲ್ಲಿ ನಿಮ್ಮ ಇಮೇಲ್ ಹೊರಗೆ ಹೋಗಿದೆ ಎಂದು ಪಟ್ಟಿ ಕೊಡುತ್ತದೆ. ಅಲ್ಲಿ ಬಳಸಿದ ಪಾಸ್‌ವರ್ಡ್ ಮತ್ತೆಲ್ಲೆಲ್ಲಿ ಹಾಕಿದ್ದೀರೋ ಅಲ್ಲೆಲ್ಲ ಬದಲಿಸಬೇಕು. ಸೋರಿದ ಒಂದು ಪಾಸ್‌ವರ್ಡನ್ನು ಹತ್ತು ಕಡೆ ಹಾಕಿ ನೋಡುವುದೇ ಕಳ್ಳರ ಮೊದಲ ಕೆಲಸ.

ನಂಬರ್

ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ‘ನಿಮ್ಮ ಹೆಸರಿನ ಮೊಬೈಲ್ ಸಂಪರ್ಕಗಳು’ ಎಂಬ ಸೌಲಭ್ಯ ಇದೆ. ನಿಮ್ಮ ನಂಬರ್ ಹಾಕಿ, ಒಟಿಪಿ ಕೊಟ್ಟರೆ ನಿಮ್ಮ ಗುರುತಿನ ಮೇಲೆ ಚಾಲ್ತಿಯಲ್ಲಿರುವ ಎಲ್ಲ ಸಿಮ್‌ಗಳು ಕಾಣುತ್ತವೆ. ಕರ್ನಾಟಕದಲ್ಲಿ ಒಬ್ಬರ ಹೆಸರಿಗೆ 9 ಸಿಮ್ ಮಿತಿ. ಗೊತ್ತಿಲ್ಲದ ನಂಬರ್ ಇದ್ದರೆ ‘ಇದು ನನ್ನದಲ್ಲ’ ಎಂದೂ, ನಿಮ್ಮದೇ ಆಗಿ ಈಗ ಬೇಡವಾಗಿದ್ದರೆ ‘ಬೇಕಿಲ್ಲ’ ಎಂದೂ ಒತ್ತಿ. ಇವೆರಡರ ನಡುವೆ ಗೊಂದಲ ಮಾಡಿಕೊಳ್ಳಬೇಡಿ. ಮಗನ ಕೈಯಲ್ಲಿರುವ ಸಿಮ್ ಅಪ್ಪನ ಹೆಸರಲ್ಲಿ ಇರುವುದು ನಮ್ಮ ಕಡೆ ಸಾಮಾನ್ಯ. ಮನೆಯವರನ್ನು ಕೇಳದೆ ಒತ್ತಿದರೆ ಮಗನ ಫೋನೇ ಬಂದ್ ಆದೀತು.

ಬಿಟ್ಟ ನಂಬರಿನದು ಬೇರೆ ಕಥೆ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದವರು ಅಲ್ಲೊಂದು ಸಿಮ್ ತಗೊಂಡು, ಊರಿಗೆ ಬಂದ ಮೇಲೆ ರೀಚಾರ್ಜ್ ಮಾಡದೆ ಬಿಡುತ್ತಾರೆ. ಬಂದ್ ಆದ ನಂಬರನ್ನು 90 ದಿನ ಬಿಟ್ಟು ಕಂಪನಿ ಬೇರೆಯವರಿಗೆ ಕೊಡಬಹುದು. ಆ ಹೊತ್ತಿಗೆ ಅದು ನಿಮ್ಮ ಬ್ಯಾಂಕಿಗೋ ಜಿಮೇಲ್‌ಗೋ ಜೋಡಣೆಯಾಗಿ ಉಳಿದಿದ್ದರೆ, ನಿಮ್ಮ ಒಟಿಪಿ ಅವರ ಕೈಗೆ ಹೋಗುತ್ತದೆ. ಹೊಸಬರು ಕಳ್ಳರೇ ಆಗಿರಬೇಕಿಲ್ಲ. ಆದರೂ ನಿಮ್ಮ ಬ್ಯಾಂಕ್ ಬಾಕಿಯ ಮೆಸೇಜು ದಿನವೂ ಅವರಿಗೆ ಹೋಗುತ್ತಿರುತ್ತದೆ.

ಹಾಗಾಗಿ ನಂಬರ್ ಬಿಡುವ ಮೊದಲು, ಅದಿನ್ನೂ ಜೀವಂತ ಇರುವಾಗಲೇ, ಈ ಕ್ರಮದಲ್ಲಿ ಬದಲಿಸಿ: ಬ್ಯಾಂಕ್, ಆಧಾರ್, ಯುಪಿಐ ಆ್ಯಪ್, ಜಿಮೇಲ್‌ನ ರಿಕವರಿ ನಂಬರ್, ಡಿಜಿಲಾಕರ್, ಗ್ಯಾಸ್ ಸಂಪರ್ಕ, ರೈತರಾದರೆ ಫ್ರೂಟ್ಸ್ (ರಾಜ್ಯದ ರೈತರ ನೋಂದಣಿ) ಮತ್ತು ಪಿಎಂ ಕಿಸಾನ್, ವಿದ್ಯಾರ್ಥಿಯಾದರೆ ವಿದ್ಯಾರ್ಥಿವೇತನದ ಖಾತೆ. ಕೊನೆಗೆ ವಾಟ್ಸಾಪ್. ಅದರಲ್ಲಿ ಸೆಟ್ಟಿಂಗ್ಸ್, ಅಕೌಂಟ್, ‘ಚೇಂಜ್ ನಂಬರ್’ ಎಂದು ಹೋದರೆ ಗ್ರೂಪುಗಳೂ ಚಾಟುಗಳೂ ಹೊಸ ನಂಬರಿಗೆ ಬರುತ್ತವೆ. ಇದನ್ನು ಬಿಟ್ಟು ಹೊಸ ನಂಬರಲ್ಲಿ ಹೊಸದಾಗಿ ವಾಟ್ಸಾಪ್ ಹಾಕಿದರೆ ಹಳೆಯ ನಂಬರ್ ಊರ ಗ್ರೂಪಿನಲ್ಲಿ ಹಾಗೇ ಕೂತಿರುತ್ತದೆ.

ಯುಪಿಐ ಐಡಿಯಲ್ಲಿ ನಿಮ್ಮ ಮೊಬೈಲ್ ನಂಬರೇ ಇದೆಯೇ ನೋಡಿ. ಇದ್ದರೆ ಚಹಾ ಅಂಗಡಿಯವರಿಗೆ 10 ರೂಪಾಯಿ ಹಾಕಿದಾಗಲೂ ನಂಬರ್ ಹೋಗುವ ಸಾಧ್ಯತೆ ಇರುತ್ತದೆ. ಆ್ಯಪ್‌ನ ಪ್ರೊಫೈಲ್‌ನಲ್ಲಿ ನಂಬರ್ ಇಲ್ಲದ ಇನ್ನೊಂದು ಐಡಿ ಮಾಡಿಕೊಂಡು ಅದನ್ನೇ ಮುಖ್ಯವಾಗಿಸಿ. ಅಂಗಡಿ ಇಟ್ಟಿರುವ ಹೆಣ್ಣುಮಕ್ಕಳಿಗೆ ಇದು ಮೊದಲ ಕೆಲಸ ಆಗಬೇಕು.

ಟ್ರೂಕಾಲರ್‌ನಿಂದ ಹೆಸರು ತೆಗೆಸಲು ಎರಡು ಹಂತ. ಆ್ಯಪ್ ಇದ್ದರೆ ಮೊದಲು ಅದರ ಪ್ರೈವೆಸಿ ಸೆಂಟರ್‌ನಲ್ಲಿ ಖಾತೆಯನ್ನು ಡಿಆ್ಯಕ್ಟಿವೇಟ್ ಮಾಡಿ. ಆಮೇಲೆ ಅವರ ಜಾಲತಾಣದ ‘ಅನ್‌ಲಿಸ್ಟ್’ ಪುಟದಲ್ಲಿ 91 ಸೇರಿಸಿ ನಂಬರ್ ಕೊಡಿ. ಸುಮಾರು 24 ಗಂಟೆ ಹಿಡಿಯುತ್ತದೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕು ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಅದರಿಂದ ನಿಮ್ಮ ಫೋನಿನಲ್ಲಿ ಜಾಗ ಉಳಿಯುತ್ತದೆ, ಅವರ ಪಟ್ಟಿಯಲ್ಲಿ ಹೆಸರೂ ಉಳಿಯುತ್ತದೆ.

ಆನ್‌ಲೈನ್ ಅಂಗಡಿಯಲ್ಲಿ ಉಳಿಯುವುದು

ಸಿಇಟಿ, ವಿದ್ಯಾರ್ಥಿವೇತನ, ಸೇವಾ ಸಿಂಧು, ಪೊಲೀಸ್ ನೇಮಕಾತಿ, ರೇಷನ್ ಕಾರ್ಡ್ ತಿದ್ದುಪಡಿ ಯಾವುದೇ ಇರಲಿ, ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯೇ ಗತಿ. ಅಲ್ಲಿ ನಡೆಯುವ ಕ್ರಮ ಎಲ್ಲರಿಗೂ ಗೊತ್ತು: ‘ವಾಟ್ಸಾಪ್ ಮಾಡ್ರಿ ಅಣ್ಣಾ’ ಅನ್ನುತ್ತಾರೆ, ನೀವು ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಸಹಿ, ಫೋಟೋ ಕಳಿಸುತ್ತೀರಿ. ಅಂಗಡಿಯವರ ಮನಸ್ಸಿನಲ್ಲಿ ಕೆಡುಕಿಲ್ಲದಿದ್ದರೂ ಆ ಕಡತಗಳು ಐದು ಕಡೆ ಉಳಿಯುತ್ತವೆ: ಅವರ ವಾಟ್ಸಾಪ್ ಚಾಟ್, ಅವರ ಫೋನಿನ ಗ್ಯಾಲರಿ, ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್, ಸ್ಕ್ಯಾನರ್‌ನ ಫೋಲ್ಡರ್, ರೀಸೈಕಲ್ ಬಿನ್. ಆ ಕಂಪ್ಯೂಟರಿನ ಮುಂದೆ ದಿನಕ್ಕೆ ನೂರು ಜನ ಕೂರುತ್ತಾರೆ.

‘ಒಮ್ಮೆ ಮಾತ್ರ ನೋಡಿ’ ಎಂದು ಫೋಟೋ ಕಳಿಸಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದನ್ನು ಡೌನ್‌ಲೋಡ್ ಮಾಡಲು ಬರುವುದಿಲ್ಲ, ಆದ್ದರಿಂದ ಅರ್ಜಿಗೆ ಏರಿಸಲೂ ಬರುವುದಿಲ್ಲ. ಮಾಮೂಲಿನಂತೆ ಕಳಿಸಿ, ಅರ್ಜಿ ಸಬ್‌ಮಿಟ್ ಆದ ತಕ್ಷಣ ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿ. ಸುಮಾರು ಎರಡೂವರೆ ದಿನದ ತನಕ ಇದಕ್ಕೆ ಅವಕಾಶ ಇರುತ್ತದೆ. ಆದರೆ ಅಷ್ಟರಲ್ಲಿ ಡೌನ್‌ಲೋಡ್ ಆದ ಪ್ರತಿ ಹಾಗೇ ಉಳಿಯುತ್ತದೆ. ಅದಕ್ಕಾಗಿ ಎದ್ದು ಬರುವ ಮುಂಚೆ ಎರಡು ನಿಮಿಷ ಕೇಳಿ ತೆಗೆದುಕೊಳ್ಳಿ. ಡೌನ್‌ಲೋಡ್ಸ್ ತೆರೆಸಿ, ದಿನಾಂಕದ ಪ್ರಕಾರ ಜೋಡಿಸಿ, ಮೇಲೆ ಬಂದ ನಿಮ್ಮ ಕಡತಗಳನ್ನು ಆರಿಸಿ ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿಸಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ. ಸ್ಕ್ಯಾನ್ ಮಾಡಿಸಿದ್ದರೆ ಆ ಫೋಲ್ಡರನ್ನೂ ತೆರೆಸಿ. ‘ಏನ್ ನಂಬಿಕಿ ಇಲ್ಲೇನ್ರಿ’ ಅಂದರೆ, ನಿಮ್ಮ ಮೇಲೆ ಇದೆ, ಮುಂದೆ ಕೂರುವವರ ಮೇಲೆ ಇಲ್ಲ ಅಂದರಾಯಿತು.

ಬ್ರೌಸರ್‌ನಲ್ಲಿ ನಿಮ್ಮ ಜಿಮೇಲ್ ತೆರೆಯಬೇಕಾದರೆ ಗೆಸ್ಟ್ ಅಥವಾ ಇನ್‌ಕಾಗ್ನಿಟೊ ಕಿಟಕಿಯಲ್ಲೇ ತೆರೆಯಿರಿ, ಮುಗಿದ ಮೇಲೆ ಆ ಕಿಟಕಿ ಮುಚ್ಚಿಸಿ. ಪಾಸ್‌ವರ್ಡ್ ಸೇವ್ ಮಾಡಲೇ ಎಂದು ಕೇಳಿದಾಗ ‘ನೆವರ್’ ಒತ್ತಿ. ಮರೆತು ಮಾಮೂಲಿ ಕಿಟಕಿಯಲ್ಲೇ ಮಾಡಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರೂ ಕೀಲಿ ಒಟ್ಟಿಗೆ ಒತ್ತಿ ‘ಕಳೆದ ಒಂದು ಗಂಟೆ’ಯದನ್ನು ಅಳಿಸಿ. ಮನೆಗೆ ಬಂದ ಮೇಲೆ ನೆನಪಾಯಿತೇ? ಫೋನಿನಲ್ಲಿ ಗೂಗಲ್ ಅಕೌಂಟ್ ತೆರೆದು, ಸೆಕ್ಯುರಿಟಿಯಲ್ಲಿ ‘ಯುವರ್ ಡಿವೈಸಸ್’ ನೋಡಿ, ಅಂಗಡಿಯ ಕಂಪ್ಯೂಟರನ್ನು ಅಲ್ಲಿಂದಲೇ ಸೈನ್ ಔಟ್ ಮಾಡಬಹುದು. ನಿಮ್ಮ ವಾಟ್ಸಾಪನ್ನು ಅಲ್ಲಿನ ಕಂಪ್ಯೂಟರಿಗೆ ಜೋಡಿಸಿದ್ದರೆ ‘ಲಿಂಕ್ಡ್ ಡಿವೈಸಸ್’ನಲ್ಲಿ ಲಾಗ್ ಔಟ್ ಮಾಡಿ. ನೀವು ಫೋನ್ ಬಳಸುತ್ತಿರುವ ತನಕ ಆ ಜೋಡಣೆ ತಾನಾಗಿ ಬಿಡುತ್ತದೆ ಎಂದು ನಂಬಿ ಕೂರಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳದೆ ನಡೆಯುತ್ತದೆ. ಅರ್ಜಿಯ ಇಮೇಲ್ ಕಾಲಂನಲ್ಲಿ ಅಂಗಡಿಯವರು ತಮ್ಮದೇ ವಿಳಾಸ ಹಾಕಿಬಿಡುತ್ತಾರೆ, ಕೆಲವೊಮ್ಮೆ ನಂಬರನ್ನೂ. ಒಟಿಪಿಗೆ ಕಾಯುವುದು ತಪ್ಪುತ್ತದಲ್ಲ, ಅವರಿಗೆ ಬೇಗ ಆಗುತ್ತದೆ. ಆರು ತಿಂಗಳ ನಂತರ ಹಾಲ್ ಟಿಕೆಟ್ ಬಂದಾಗ, ದಾಖಲೆ ಪರಿಶೀಲನೆಯ ಕರೆ ಬಂದಾಗ, ಅದು ಅವರ ಇಮೇಲ್‌ಗೆ ಹೋಗಿ ಸಾವಿರ ಮೆಸೇಜುಗಳ ನಡುವೆ ಹೂತಿರುತ್ತದೆ. ಸಬ್‌ಮಿಟ್ ಒತ್ತುವ ಮುಂಚಿನ ಪ್ರಿವ್ಯೂ ಪುಟದಲ್ಲಿ ಹೆಸರಿನ ಕಾಗುಣಿತ ನೋಡುವಷ್ಟೇ ಗಮನದಿಂದ ನಂಬರ್, ಇಮೇಲ್ ಎರಡನ್ನೂ ಓದಿ. ಈಗಾಗಲೇ ಆಗಿಹೋಗಿದ್ದರೆ ಅದೇ ಅಂಗಡಿಗೆ ಹೋಗಿ, ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಬದಲಿಸಬೇಕು. ಯಾಕೆಂದರೆ ಬದಲಾವಣೆಯ ಒಟಿಪಿ ಹಳೆಯ ನಂಬರಿಗೇ ಹೋಗುವುದು ಹೆಚ್ಚು. ಅಂಗಡಿ ಮುಚ್ಚಿ ಹೋದ ಮೇಲೆ ಈ ದಾರಿಯೂ ಇಲ್ಲ.

ಪಾಸ್‌ವರ್ಡಿನದೂ ಇದೇ ಹಾಡು. ನೆನಪಿಗೆ ಸುಲಭ ಎಂದು ಎಲ್ಲರಿಗೂ ಒಂದೇ ಅಚ್ಚಿನ ಪಾಸ್‌ವರ್ಡ್ ಇಡುತ್ತಾರೆ: ಹೆಸರು, ಒಂದು ಚಿಹ್ನೆ, 123. ಅಂದು ಸಂಜೆಯೇ ಬದಲಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಕಾಗದದಲ್ಲಿ ಬರೆಯಬಾರದು ಎಂಬುದು ಆಫೀಸಿನವರಿಗೆ ಹೇಳಿದ ಮಾತು, ಮನೆಯ ಬೀರುವಿನೊಳಗಿನ ನೋಟ್‌ಬುಕ್ ಅಂಗಡಿಯ ಕಂಪ್ಯೂಟರಿಗಿಂತ ಎಷ್ಟೋ ಭದ್ರ.

ಜೆರಾಕ್ಸ್ ಪ್ರತಿ ಕೊಡುವಾಗ ಅದರ ಮೇಲೆ ಅಡ್ಡವಾಗಿ, ಅಕ್ಷರ ನಂಬರಿನ ಮೇಲೆ ಹಾಯುವಂತೆ, ‘ಇಂಥ ಅರ್ಜಿಗೆ ಮಾತ್ರ’ ಎಂದು ದಿನಾಂಕ ಸಹಿತ ಬರೆದು ಸಹಿ ಮಾಡಿ. ಮೂಲೆಯಲ್ಲಿ ಬರೆದರೆ ಮುಚ್ಚಿ ಮತ್ತೆ ಜೆರಾಕ್ಸ್ ತೆಗೆಯಬಹುದು. ಕೆಟ್ಟ ಪ್ರತಿಗಳನ್ನು ಅಲ್ಲೇ ಬಿಟ್ಟು ಬರಬೇಡಿ. ರದ್ದಿಗೆ ಹೋದ ಕಾಗದ ಕೊನೆಗೆ ಮಿರ್ಚಿ ಕಟ್ಟಿಕೊಡುವ ಬಂಡಿಗೆ ಬರುತ್ತದೆ.

ಆಧಾರ್ ಮತ್ತು ಸಂಘದ ಸಾಲ

ಗುರುತು ತೋರಿಸಲು ಮಾತ್ರ ಬೇಕಾದ ಕಡೆ, ಅಂದರೆ ಲಾಡ್ಜ್, ಪಿಜಿ, ಕೊರಿಯರ್‌ಗೆ, ಮಾಸ್ಕ್ ಮಾಡಿದ ಆಧಾರ್ ಕೊಡಿ. ಮೈಆಧಾರ್ ಜಾಲತಾಣದಲ್ಲಿ ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್’ ಎಂಬುದಕ್ಕೆ ಟಿಕ್ ಹಾಕಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ, ಆದರೆ ಅದು ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮ ಹೆಸರು, ವಯಸ್ಸು ಗೊತ್ತಿರುವ ಯಾರೂ ತೆರೆಯಬಹುದು. ಬೀಗ ಇದೆ ಎಂಬ ಧೈರ್ಯದಲ್ಲಿ ಕಳಿಸಬೇಡಿ.

ಅದೇ ಜಾಲತಾಣದಲ್ಲಿ ‘ಅಥೆಂಟಿಕೇಷನ್ ಹಿಸ್ಟರಿ’ ತೆರೆದರೆ ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲಿ, ಯಾವಾಗ, ಬೆರಳಿನಿಂದಲೋ ಒಟಿಪಿಯಿಂದಲೋ ಬಳಕೆಯಾಗಿದೆ ಎಂದು ಕಾಣುತ್ತದೆ. ನ್ಯಾಯಬೆಲೆ ಅಂಗಡಿಗೆ ಹೋದ ದಿನ ಬಿಟ್ಟು ಬೇರೆ ದಿನ ಬೆರಳಚ್ಚಿನ ದಾಖಲೆ ಇದ್ದರೆ ವಿಚಾರಿಸಬೇಕು, ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ವರದಿಯಾದವು. ಇದಕ್ಕೆ ತಡೆ ಬಯೋಮೆಟ್ರಿಕ್ ಲಾಕ್, ಅಂದರೆ ನಿಮ್ಮ ಬೆರಳಚ್ಚು ಆಧಾರ್‌ನಲ್ಲಿ ಬಳಕೆಯಾಗದಂತೆ ಹಾಕುವ ಬೀಗ. ಆದರೆ ಲಾಕ್ ಮಾಡಿ ಮರೆತವರು ರೇಷನ್ ದಿನ ಸಾಲಿನಲ್ಲಿ ನಿಂತು ‘ಬೆರಳು ತಗೋತಿಲ್ಲ’ ಎಂದು ವಾಪಸ್ ಬರುತ್ತಾರೆ. ಅಂಗಡಿಯ ಮುಂದೆ ನಿಂತಾಗಲೇ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿ, ಸ್ವಲ್ಪ ಹೊತ್ತಿಗೆ ತಾನಾಗಿ ಮತ್ತೆ ಲಾಕ್ ಆಗುತ್ತದೆ. ಇದಕ್ಕೆ ಆಧಾರ್‌ಗೆ ಜೋಡಿಸಿದ ನಂಬರ್ ಕೈಯಲ್ಲಿರಬೇಕು. ಮನೆಯಲ್ಲಿ ವಯಸ್ಸಾದವರೇ ರೇಷನ್ ತರುತ್ತಿದ್ದರೆ ಅವರದನ್ನು ಲಾಕ್ ಮಾಡುವ ಮುಂಚೆ ಎರಡು ಸಲ ಯೋಚಿಸಿ.

ನಿಮ್ಮ ಆಧಾರ್, ಪ್ಯಾನ್ ಮೇಲೆ ಬೇರೆ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ತಿಳಿಯುವ ದಾರಿ ಕ್ರೆಡಿಟ್ ವರದಿ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಸಿಬಿಲ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಮಹಿಳಾ ಗುಂಪುಗಳಿಗೆ ಕೊಡುವ ಮೈಕ್ರೋಫೈನಾನ್ಸ್ ಸಾಲದ ಮಾಹಿತಿಗೆ ಹೈಮಾರ್ಕ್ ವರದಿಯನ್ನೂ ತೆಗೆಯಿರಿ. ಅಂಕ ಎಷ್ಟು ಎಂಬುದಕ್ಕಿಂತ ‘ಎನ್‌ಕ್ವೈರಿ’ ಭಾಗ (ಸಾಲಕ್ಕಾಗಿ ನಿಮ್ಮ ವರದಿಯನ್ನು ಯಾರು ಯಾರು ನೋಡಿದ್ದಾರೆ ಎಂಬುದು), ಅದರಲ್ಲಿರುವ ಹಳೆಯ ವಿಳಾಸ ಮತ್ತು ನಂಬರುಗಳನ್ನು ಓದಿ. ನಿಮ್ಮದಲ್ಲದ ಸಾಲ ಇದ್ದರೆ ಅಲ್ಲೇ ತಕರಾರು ಹಾಕಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ ಇದೆ. ಫೋನಿನಲ್ಲಿ ಸಾಲ ಕೊಡುವ ಆ್ಯಪ್ ಕಾಂಟ್ಯಾಕ್ಟ್ಸ್, ಗ್ಯಾಲರಿ, ಕರೆಗಳ ಪಟ್ಟಿಗೆ ಅನುಮತಿ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. 2022ರ ಸೆಪ್ಟೆಂಬರ್‌ನಿಂದ ಅದು ನಿಯಮಬಾಹಿರ. ಕೊಟ್ಟರೆ ನಾಳೆ ನಿಮ್ಮ ಬೀಗರಿಗೆಲ್ಲ ಫೋನ್ ಹೋಗುತ್ತದೆ.

ಗೂಗಲ್, ವಾಟ್ಸಾಪ್, ಫೇಸ್‌ಬುಕ್

ಇವು ಬೇಗ ಮುಗಿಯುವ ಕೆಲಸ. ಗೂಗಲ್‌ನ ‘ಮೈ ಆ್ಯಕ್ಟಿವಿಟಿ’ ತೆರೆದರೆ ನೀವು ಹುಡುಕಿದ್ದು, ನೋಡಿದ ವಿಡಿಯೋ, ತೆರೆದ ಆ್ಯಪ್ ಎಲ್ಲ ದಿನವಾರು ಇರುತ್ತದೆ. ‘ಆಟೋ ಡಿಲೀಟ್’ನಲ್ಲಿ 3, 18, 36 ತಿಂಗಳ ಆಯ್ಕೆ ಇದೆ, 3 ಇಡಿ. ಮ್ಯಾಪ್ಸ್‌ನ ಟೈಮ್‌ಲೈನ್ ಬೇಡವಾದರೆ ಆಫ್ ಮಾಡಿ, ಹಳೆಯದನ್ನು ಬೇರೆಯಾಗಿ ಅಳಿಸಿ. ಆಫ್ ಮಾಡಿದ ಮಾತ್ರಕ್ಕೆ ಹಳೆಯದು ಹೋಗುವುದಿಲ್ಲ. ಮ್ಯಾಪ್ಸ್‌ನಲ್ಲಿ ಆಸ್ಪತ್ರೆಗೆ, ಅಂಗಡಿಗೆ ಬರೆದ ವಿಮರ್ಶೆಗಳು ನಿಮ್ಮ ಹೆಸರಲ್ಲಿ ಲೋಕಕ್ಕೆಲ್ಲ ಕಾಣುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇನ್‌ಕಾಗ್ನಿಟೊದಲ್ಲಿ ನೋಡಿದ್ದು ಫೋನಿನಲ್ಲಿ ಉಳಿಯುವುದಿಲ್ಲ ಅಷ್ಟೇ, ಮೊಬೈಲ್ ಕಂಪನಿಯ ಸಂಪರ್ಕ ದಾಖಲೆ ಕನಿಷ್ಠ 2 ವರ್ಷ ಇರಲೇಬೇಕು ಎಂಬುದು ಪರವಾನಗಿ ನಿಯಮ.

ವಾಟ್ಸಾಪ್ ಪ್ರೈವೆಸಿಯಲ್ಲಿ ಫೋಟೋ, ಅಬೌಟ್, ಗ್ರೂಪ್ ಸೇರಿಸುವ ಅನುಮತಿ ಮೂರನ್ನೂ ‘ಮೈ ಕಾಂಟ್ಯಾಕ್ಟ್ಸ್’ಗೆ ತನ್ನಿ. ಒಂದು ಗ್ರೂಪಿನಲ್ಲಿ 1024 ಜನ ಇರಬಹುದು, ಎಲ್ಲರಿಗೂ ನಿಮ್ಮ ನಂಬರ್ ಕಾಣುತ್ತದೆ. ಎರಡು ಹಂತದ ಪರಿಶೀಲನೆಯ 6 ಅಂಕಿಯ ಪಿನ್ ಇಂದೇ ಹಾಕಿ. ಬಿಟ್ಟ ನಂಬರ್ ಬೇರೆಯವರ ಕೈಗೆ ಹೋದಾಗ ನಿಮ್ಮ ಖಾತೆಗೆ ಮೊದಲ ತಡೆ ಅದೇ.

ಫೇಸ್‌ಬುಕ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಒತ್ತಿದರೆ ಹಿಂದಿನ ಸಾರ್ವಜನಿಕ ಪೋಸ್ಟ್‌ಗಳೆಲ್ಲ ಒಂದೇ ಸಲಕ್ಕೆ ಗೆಳೆಯರಿಗೆ ಮಾತ್ರ ಎಂದಾಗುತ್ತವೆ. ಮತ್ತೆ ತೆರೆಯಬೇಕಾದರೆ ಒಂದೊಂದಾಗಿ ತೆರೆಯಬೇಕು. ಖಾತೆಯನ್ನೇ ಅಳಿಸುವುದಾದರೆ 30 ದಿನ ಲಾಗಿನ್ ಆಗದೆ ಇರಬೇಕು, ನಡುವೆ ಒಮ್ಮೆ ಲಾಗಿನ್ ಆಗಿ ಬೇಡವೆಂದರೆ ಅಳಿಸುವುದು ನಿಂತುಹೋಗುತ್ತದೆ. ಪೂರ್ತಿ ಹೋಗಲು 90 ದಿನದ ತನಕ ಹಿಡಿಯಬಹುದು. ಡಿಆ್ಯಕ್ಟಿವೇಟ್ ಬೇರೆ, ಡಿಲೀಟ್ ಬೇರೆ. ಮೊದಲನೆಯದು ಬಾಗಿಲು ಎಳೆದುಕೊಂಡ ಹಾಗೆ, ಸಾಮಾನು ಒಳಗೇ ಇರುತ್ತದೆ.

ಫೋಟೋಗಳ ಬಗ್ಗೆ ಒಂದು ತಾಂತ್ರಿಕ ಸಂಗತಿ. ಲೊಕೇಶನ್ ಆನ್ ಇಟ್ಟು ತೆಗೆದ ಫೋಟೋದೊಳಗೆ ಅಕ್ಷಾಂಶ, ರೇಖಾಂಶ, ಸಮಯ ದಾಖಲಾಗಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಈ ಮಾಹಿತಿ ಹೋಗುವುದಿಲ್ಲ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಸ್ಪಷ್ಟವಾಗಿರಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸುವ ಅಭ್ಯಾಸ ಇರುವವರು ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಇಡಬೇಕು. ಗವಿಮಠದ ಜಾತ್ರೆಯಲ್ಲಿ ತೇರಿನ ಮುಂದೆ ಮನೆಮಂದಿಯೆಲ್ಲ ನಿಂತು ಲೈವ್ ಹೋದರೆ ಮನೆಗೆ ಬೀಗ ಇದೆ ಎಂದು ಡಂಗುರ ಸಾರಿದಂತೆ. ಅದೇ ವಿಡಿಯೋ ಮರುದಿನ ಹಾಕಿದರೂ ಪುಣ್ಯಕ್ಕೇನೂ ಕಡಿಮೆಯಾಗದು.

ಮನೆಯಲ್ಲೇ ಮಷಿನ್ ಇಟ್ಟು ಹೊಲಿಯುವ ಬಳ್ಳಾರಿಯ ಜೀನ್ಸ್ ಘಟಕದವರಿಗೆ ಇನ್ನೊಂದು ಮಾತು. ಜಿಎಸ್‌ಟಿ ನೋಂದಣಿಯಲ್ಲಿ ಕೊಟ್ಟ ವ್ಯಾಪಾರದ ವಿಳಾಸ ಸಾರ್ವಜನಿಕವಾಗಿ ಹುಡುಕಲು ಸಿಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಹಾಕಿದರೆ ಮನೆಯ ಬಾಗಿಲೇ ಗುರುತಾಗುತ್ತದೆ. ವ್ಯಾಪಾರಕ್ಕೆ ಬೇರೆ ಸಿಮ್ ಇಡಿ. ಗಿರಾಕಿ ಮನೆಗೆ ಬರುವ ವ್ಯಾಪಾರ ಅಲ್ಲದಿದ್ದರೆ ಮ್ಯಾಪ್ಸ್‌ನಲ್ಲಿ ವಿಳಾಸ ಮರೆಮಾಡಿ, ಸೇವೆ ಕೊಡುವ ಪ್ರದೇಶ ಮಾತ್ರ ತೋರಿಸಲು ಬರುತ್ತದೆ.

ಅಳಿಸಲು ಬಾರದ್ದು, ಅಳಿಸಿಸಲು ಬರುವುದು

ಪಹಣಿ, ಮತದಾರರ ಪಟ್ಟಿ, ಫಲಾನುಭವಿಗಳ ಪಟ್ಟಿ ತೆಗೆಸಲು ಆಗದು. ಅವು ತೆರೆದಿರುವುದಕ್ಕೆ ಕಾರಣವೂ ಇದೆ, ಸತ್ತವರ ಹೆಸರಲ್ಲಿ ಹಣ ಹೊಡೆದದ್ದು ಹೊರಬರುವುದು ಇಂಥ ಪಟ್ಟಿಗಳಿಂದಲೇ. ಇಲ್ಲಿ ಮಾಡಬೇಕಾದ್ದು ತಿದ್ದುಪಡಿ. ಸಾಲ ತೀರಿದ ಮೇಲೂ ಪಹಣಿಯ 11ನೇ ಕಾಲಂನಲ್ಲಿ ಋಣ ಉಳಿದಿದ್ದರೆ ಬ್ಯಾಂಕಿನಿಂದ ಸಾಲ ತೀರುವಳಿ ಪತ್ರ ತಂದು ತಹಶೀಲ್ದಾರ್ ಕಚೇರಿಯಲ್ಲಿ ತೆಗೆಸಿ. ಜೊತೆಗೆ ಇಷ್ಟು ತಿಳಿದಿರಿ: ಫೋನ್ ಮಾಡಿದವರು ನಿಮ್ಮ ತಂದೆ ಹೆಸರು, ಸರ್ವೆ ನಂಬರ್, ಕಿಸಾನ್ ಕಂತು ಎಲ್ಲ ಸರಿಯಾಗಿ ಹೇಳಿದರೆ ಅವರು ಇಲಾಖೆಯವರು ಎಂದು ಅರ್ಥವಲ್ಲ. ಅದೆಲ್ಲ ತೆರೆದ ಪಟ್ಟಿಯಲ್ಲೇ ಸಿಗುತ್ತದೆ. ‘ಕಂತು ನಿಂತಿದೆ, ಈ ಕಡತ ಇನ್‌ಸ್ಟಾಲ್ ಮಾಡಿ’ ಎಂದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ (ಆ್ಯಪ್ ಹಾಕುವ ಕಡತ) ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಮೆಸೇಜುಗಳೆಲ್ಲ ಅವರಿಗೆ ಕಾಣತೊಡಗುತ್ತವೆ.

ಖಾಸಗಿ ಜಾಲತಾಣಗಳಲ್ಲಿ ಇರುವುದಕ್ಕೆ ಮೊದಲು ಆ ತಾಣದವರಿಗೇ ಬರೆಯಿರಿ, ಪುಟದ ಪೂರ್ಣ ಕೊಂಡಿ ಹಾಕಿ. ಅವರು ತೆಗೆದ ಮೇಲೂ ಗೂಗಲ್‌ನಲ್ಲಿ ಹಳೆಯ ಸಾಲು ಕಾಣುತ್ತಿದ್ದರೆ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಎಂಬ ಗೂಗಲ್ ಸಾಧನದಲ್ಲಿ ಅದೇ ಕೊಂಡಿ ಕೊಡಿ. ಈ ಕ್ರಮ ತಿರುಗುಮುರುಗಾದರೆ ಅರ್ಜಿ ತಿರಸ್ಕಾರವಾಗುತ್ತದೆ, ಮೂಲ ಪುಟ ಇರುವ ತನಕ ಅದು ‘ಔಟ್‌ಡೇಟೆಡ್’ ಅಲ್ಲ. ಮನೆ ವಿಳಾಸ, ಬ್ಯಾಂಕ್ ಖಾತೆ, ಗುರುತಿನ ಚೀಟಿಯ ಚಿತ್ರದಂಥವಕ್ಕೆ ಗೂಗಲ್‌ನ ವೈಯಕ್ತಿಕ ಮಾಹಿತಿ ತೆಗೆಸುವ ಫಾರ್ಮ್ ಬೇರೆ ಇದೆ, ಅದರಿಂದ ಹುಡುಕಾಟದ ಫಲಿತಾಂಶ ಮಾತ್ರ ಹೋಗುತ್ತದೆ, ಮೂಲ ಪುಟ ಇದ್ದೇ ಇರುತ್ತದೆ.

ಕಾನೂನಿನ ಬಲ ನಿಧಾನಕ್ಕೆ ಬರುತ್ತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಅರ್ಜಿಯ ಮೇಲೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು, ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪನಿಯನ್ನು ‘ನನ್ನ ಮಾಹಿತಿ ಅಳಿಸಿ’ ಎಂದು ಈ ಕಾಯ್ದೆಯಡಿ ಕೇಳುವ ಹಕ್ಕಿಗೆ ಆ ನಿಯಮಗಳು ಕೊಟ್ಟ ಗಡುವು 18 ತಿಂಗಳು, ಅಂದರೆ 2027ರ ಮೇ ಹೊತ್ತಿಗೆ. ಈಗಲೂ ಬರೆದು ಕೇಳುವುದರಲ್ಲಿ ನಷ್ಟವಿಲ್ಲ, ಇಮೇಲ್‌ನಲ್ಲೇ ಕೇಳಿ, ದಾಖಲೆ ಉಳಿಯುತ್ತದೆ.

ಖಾಸಗಿ ಚಿತ್ರ ಯಾರಾದರೂ ಹರಿಬಿಟ್ಟರೆ, ಅಥವಾ ಹರಿಬಿಡುತ್ತೇನೆ ಎಂದು ಹೆದರಿಸಿದರೆ, ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್, ಜೊತೆಗೆ ಆ ಖಾತೆಯ ಕೊಂಡಿ. ಖಾತೆಯ ಹೆಸರು ನಿಮಿಷದಲ್ಲಿ ಬದಲಾಗುತ್ತದೆ, ಸ್ಕ್ರೀನ್‌ಶಾಟ್ ಒಂದೇ ಇದ್ದರೆ ಪೊಲೀಸರಿಗೆ ಹಿಡಿಯುವ ತುದಿ ಸಿಗುವುದಿಲ್ಲ. ಆಮೇಲೆ ಆ ವೇದಿಕೆಗೆ ದೂರು ಕೊಡಿ. 2021ರ ಐಟಿ ನಿಯಮಗಳು ಇಂಥ ಚಿತ್ರವನ್ನು ತೆಗೆಯಲು ಹೆಚ್ಚೆಂದರೆ 24 ಗಂಟೆ ಎಂದು ಹೇಳಿದವು. ‘ಸ್ಟಾಪ್ ಎನ್‌ಸಿಐಐ’ ಎಂಬ ಜಾಲತಾಣದಲ್ಲಿ ಚಿತ್ರವನ್ನು ಕಳಿಸುವುದೇ ಬೇಡ, ನಿಮ್ಮ ಫೋನಿನಲ್ಲೇ ಅದರ ಸಂಕೇತ ತಯಾರಾಗಿ ಆ ಸಂಕೇತ ಮಾತ್ರ ಹೋಗುತ್ತದೆ, ಅದನ್ನು ಹಿಡಿದು ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥವು ಚಿತ್ರ ಏರದಂತೆ ತಡೆಯುತ್ತವೆ. 18 ದಾಟದವರಿಗೆ ಇದೇ ರೀತಿಯ ‘ಟೇಕ್ ಇಟ್ ಡೌನ್’ ಇದೆ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಸರು ಹೇಳದೆಯೂ ಇಂಥ ದೂರು ಕೊಡಬಹುದು. ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ನೇರವಾಗಿಯೂ ಕೊಡಬಹುದು. ಹಣ ಹೋಗಿದ್ದರೆ ಮಾತ್ರ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ, ಉಳಿದದ್ದೆಲ್ಲ ಆಮೇಲೆ. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯಬೇಕು.

ಹಳೆಯ ಫೋನ್ ಕೊಡುವಾಗ

ಎಕ್ಸ್‌ಚೇಂಜ್‌ಗೋ ತಮ್ಮನಿಗೋ ಫೋನ್ ಕೊಡುವಾಗ ಕ್ರಮ ಹೀಗಿರಲಿ. ವಾಟ್ಸಾಪ್ ಹೊಸ ಫೋನಿಗೆ ಬಂದಿದೆಯೇ ಖಚಿತ ಮಾಡಿಕೊಳ್ಳಿ. ಯುಪಿಐ ಆ್ಯಪ್‌ಗಳಿಂದ ಲಾಗ್ ಔಟ್ ಆಗಿ. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಗೂಗಲ್ ಅಕೌಂಟ್ ತೆಗೆಯಿರಿ. ಆಮೇಲೆ ಫ್ಯಾಕ್ಟರಿ ರೀಸೆಟ್. ಸಿಮ್ ಜೊತೆ ಮೆಮೊರಿ ಕಾರ್ಡ್ ತೆಗೆಯುವುದನ್ನು ಮರೆಯಬೇಡಿ, ಫೋನಿನೊಳಗಿನದು ರೀಸೆಟ್‌ನಿಂದ ಹೋಗುತ್ತದೆ, ಕಾರ್ಡಿನೊಳಗಿನ ಹತ್ತು ವರ್ಷದ ಫೋಟೋ ಹೋಗುವುದಿಲ್ಲ. ಡಿಸ್‌ಪ್ಲೇ ಒಡೆದು ಏನೂ ಕಾಣದಿದ್ದರೆ, ಫೋನ್ ಆನ್ ಇದ್ದು ನೆಟ್ ಇರುವ ತನಕ ಬೇರೆ ಫೋನಿನಿಂದ ಗೂಗಲ್‌ನ ‘ಫೈಂಡ್ ಹಬ್’ ತೆರೆದು ಅಳಿಸಬಹುದು. ಡಬ್ಬಿಯ ಮೇಲಿನ 15 ಅಂಕಿಯ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಕಳುವಾದರೆ ಸಂಚಾರ್ ಸಾಥಿಯಲ್ಲಿ ಫೋನ್ ಬಂದ್ ಮಾಡಿಸಲು ಅದು ಬೇಕು.

ಗೂಗಲ್ ಅಕೌಂಟ್ ತೆಗೆಯದೆ ಬಟನ್ ಒತ್ತಿ ರೀಸೆಟ್ ಮಾಡಿದರೆ ಫೋನ್ ಮತ್ತೆ ಶುರುವಾದಾಗ ಹಳೆಯ ಅಕೌಂಟಿನ ಪಾಸ್‌ವರ್ಡನ್ನೇ ಕೇಳುತ್ತದೆ. ಆಗ ಅಂಗಡಿಯವರು ಫೋನ್ ಮಾಡಿ ‘ಪಾಸ್‌ವರ್ಡ್ ಹೇಳ್ರಿ, ತೆಗೀತೀನಿ’ ಅನ್ನುತ್ತಾರೆ. ಹೇಳಬೇಡಿ. ಆ ಒಂದು ಪಾಸ್‌ವರ್ಡಿನ ಹಿಂದೆ ನಿಮ್ಮ ಫೋಟೋ, ಇಮೇಲ್, ಸೇವ್ ಆದ ಬೇರೆ ಪಾಸ್‌ವರ್ಡುಗಳೆಲ್ಲ ಇವೆ. ಅಂಗಡಿಗೆ ಹೋಗಿ ನಿಮ್ಮ ಕೈಯಿಂದಲೇ ಟೈಪ್ ಮಾಡಿ, ಅಕೌಂಟ್ ತೆಗೆದು, ಇನ್ನೊಮ್ಮೆ ರೀಸೆಟ್ ಮಾಡಿ ಕೊಟ್ಟು ಬನ್ನಿ.